ರಾಂದೇರಿನಲ್ಲಿ ಓಡಿದ ಚಳಿಗಾಲ

ಕಳೆದ ತಿಂಗಳು ಒಂದು ಮದುವೆ ಮನೆಯ ತಿಂಡಿಯ ಮಾತುಕತೆಗೆಂದು ರಾಂದೇರಿಗೆ ಹೋಗಿದ್ದೆ. ರಿಕ್ಷಾದವನು ದೊಡ್ಡ ರಸ್ತೆಯಲ್ಲೇ ಇಳಿಸಿ, ಒಳಗೆ ಗಾಡಿ ತಿರುಗಿಸಲು ಜಾಗವಿಲ್ಲ ಎಂದ. ಎರಡು ಗಲ್ಲಿ ದಾಟಿದ್ದೆನೋ ಇಲ್ಲವೋ, ಬೇಕರಿಯ ವಾಸನೆ ಬಂತು. ಸೌದೆಯ ಒಲೆಯಲ್ಲಿ ನಾನ್‌ಖಟಾಯ್ ಬಿಸ್ಕತ್ತು ಬೇಯುವಾಗ ತುಪ್ಪ, ಏಲಕ್ಕಿ, ಹೊಗೆ ಮೂರೂ ಸೇರಿ ಬರುವ ವಾಸನೆ. ನನ್ನ ಕಾಲು ತಾನಾಗಿಯೇ ಬಿರುಸಾಯಿತು. ಸೀರೆಯುಟ್ಟು ಕೈಯಲ್ಲಿ ಚೀಲ ಹಿಡಿದ ನಲವತ್ತೆಂಟರ ಹೆಂಗಸು ಹೀಗೆ ದಾಪುಗಾಲು ಹಾಕುವುದನ್ನು ಕಂಡು ಎದುರಿನಿಂದ ಬರುತ್ತಿದ್ದ ಸೈಕಲ್ಲಿನವನು ಗೋಡೆಗೆ ಸರಿದು ನಿಂತ. ನನಗೇ ನಗು ಬಂತು. ಆ ಗಲ್ಲಿಗಳಲ್ಲಿ ನಾನು ನಡೆದದ್ದಕ್ಕಿಂತ ಓಡಿದ್ದೇ ಹೆಚ್ಚು. ನಾಲ್ಕು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ ಓಡಿದ್ದು.

ನಮ್ಮದು ಸೂರತ್ತಿನ ಅಡಾಜಣ್‌ನಲ್ಲಿ ಒಂದು ಸಣ್ಣ ಉಡುಪಿ ಹೋಟೆಲು. ನಮ್ಮವರು, ಸದಾನಂದ, ಇಪ್ಪತ್ತರ ಹರೆಯದಲ್ಲಿ ಕುಂದಾಪುರದಿಂದ ಹೊರಟು ಉಧ್ನಾದ ಬಟ್ಟೆ ಗಿರಣಿಯೊಂದರ ಕ್ಯಾಂಟೀನು ಸೇರಿದವರು. ಆಮೇಲೆ ನದಿ ದಾಟಿ ಈ ಕಡೆ ಬಂದು ಸ್ವಂತ ಹೋಟೆಲು ಇಟ್ಟರು. ನಾನು ಬಸ್ರೂರಿನವಳು. ನಮ್ಮೂರೂ ಒಂದು ಕಾಲದಲ್ಲಿ ಹಡಗು ಬರುತ್ತಿದ್ದ ಬಂದರು. ಈಗ ಹೊಳೆಯಲ್ಲಿ ಮರಳು ತೆಗೆಯುವ ದೋಣಿಗಳಷ್ಟೇ. ರಾಂದೇರಿಗೆ ಮೊದಲ ಸಲ ಹೋದಾಗ ನನಗೆ ಊರಿನದೇ ನೆನಪಾಯಿತು. ಸೂರತ್ ದೊಡ್ಡ ಬಂದರಾಗುವುದಕ್ಕೆ ಮೊದಲೇ ತಾಪಿ ನದಿಯ ಈ ದಡದಲ್ಲಿ ರಾಂದೇರ್ ಇತ್ತಂತೆ. ರಂಗೂನಿನವರೆಗೆ ವ್ಯಾಪಾರಕ್ಕೆ ಹೋದವರು ಕಟ್ಟಿಸಿದ ಮನೆಗಳು, ಕೆತ್ತಿದ ಮರದ ಬಾಲ್ಕನಿಗಳು, ಮಸೀದಿಗಳು, ಬಸದಿಗಳು, ಎರಡು ಆಳು ಕೈ ಚಾಚಿದರೆ ಮುಗಿದುಹೋಗುವ ಗಲ್ಲಿಗಳು. ಅಲ್ಲಿಂದ ನಮ್ಮ ಫ್ಲಾಟಿಗೆ ಎರಡೂವರೆ ಕಿಲೋಮೀಟರು. ಆದರೂ ಅಡಾಜಣ್‌ನ ಫ್ಲಾಟುಗಳವರಿಗೂ ರಾಂದೇರಿನ ಹಳೆ ಮನೆಗಳವರಿಗೂ ಹೋಗಿಬಂದು ಮಾಡುವ ಬಳಕೆ ಇರಲಿಲ್ಲ.

ಇದು ಸರಿಯಲ್ಲ ಎಂದು ತೀರ್ಮಾನಿಸಿದವರು ಜ್ಯೋತ್ಸ್ನಾಬೇನ್. ಅಂಚೆ ಕಚೇರಿಯಿಂದ ನಿವೃತ್ತರಾದ, ಅರವತ್ತೊಂದು ವರ್ಷದ, ಕುಳ್ಳಗಿನ ಗಟ್ಟಿಮುಟ್ಟಾದ ಹೆಂಗಸು. ಪ್ರತಿ ಭಾನುವಾರ ನದಿ ದಂಡೆಯಲ್ಲಿ ಓಡಿ, ಬೆವರಿದ ಮುಖದಲ್ಲೇ ಏಳೆಂಟು ಜನರನ್ನು ಕಟ್ಟಿಕೊಂಡು ನಮ್ಮಲ್ಲಿಗೆ ಇಡ್ಲಿ ತಿನ್ನಲು ಬರುತ್ತಿದ್ದರು. ಆ ವರ್ಷ ನವರಾತ್ರಿ ಮುಗಿದ ವಾರ, ಮೂರನೇ ಸಲ ಸಾಂಬಾರು ಹಾಕಿಸಿಕೊಳ್ಳುತ್ತ ಅವರು ನನ್ನ ಕಾಲನ್ನೇ ನೋಡುತ್ತಿದ್ದರು.

"ವಾರಿಜಾಬೇನ್, ನೀವು ಅಡುಗೆಮನೆಯಿಂದ ಮೇಜಿಗೆ ಬರುವುದನ್ನು ನೋಡಿದ್ದೇನೆ. ಇದು ನಡೆಯುವವರ ಕಾಲಲ್ಲ. ಮೊದಲು ಎಲ್ಲಾದರೂ ಓಡಿದ್ದೀರಾ?" ಎಂದು ಗುಜರಾತಿಯಲ್ಲಿ ಕೇಳಿದರು.

ಇಪ್ಪತ್ತೇಳು ವರ್ಷದಿಂದ ಯಾರೂ ಕೇಳದ ಪ್ರಶ್ನೆ. ಹೈಸ್ಕೂಲಿನಲ್ಲಿದ್ದಾಗ ಎಂಟುನೂರು ಮೀಟರಿನಲ್ಲಿ ಜಿಲ್ಲೆಗೆ ಮೊದಲು ಬಂದಿದ್ದೆ. ರಾಜ್ಯಮಟ್ಟಕ್ಕೆ ಮೈಸೂರಿಗೆ ಹೋಗಬೇಕಿತ್ತು. ಜತೆಗೆ ಹೋಗುವವರಿಲ್ಲ ಎಂದು ಮನೆಯಲ್ಲಿ ಕಳಿಸಲಿಲ್ಲ. ಅಷ್ಟೇ. ಅದರ ಬಗ್ಗೆ ನಾನು ಅತ್ತದ್ದೂ ಇಲ್ಲ, ಯಾರಲ್ಲೂ ಹೇಳಿದ್ದೂ ಇಲ್ಲ. ನಮ್ಮವರಿಗೇ ಗೊತ್ತಿರಲಿಲ್ಲ. ಅವತ್ತು ಸಾಂಬಾರಿನ ಬಕೆಟ್ಟು ಕೈಯಲ್ಲಿ ಹಿಡಿದುಕೊಂಡೇ ಜ್ಯೋತ್ಸ್ನಾಬೇನ್‌ಗೆ ಹೇಳಿಬಿಟ್ಟೆ. ಅವರು ಎದ್ದು ನಿಂತು ನನ್ನ ಕೈ ಕುಲುಕಿದರು. "ನಾಡಿದ್ದು ಬೆಳಿಗ್ಗೆ ಐದೂವರೆಗೆ ನಿಮ್ಮ ಬಿಲ್ಡಿಂಗಿನ ಕೆಳಗೆ ನಿಂತಿರುತ್ತೇನೆ" ಎಂದರು.

ಮನೆಯಲ್ಲಿ ಹೇಳಿದಾಗ ನಮ್ಮವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿಂಗೆ ಮರ್ಲಾ? ಈ ಪ್ರಾಯದಲ್ಲಿ ಓಡುಕೆ ಹೋಪುದಾ?"

"ಏಳ್ ಗಂಟಿ ಒಳ್ಗೆ ಬತ್ತೆ ಮರ್ರೆ. ಚಟ್ನಿ ನಾನೇ ಮಾಡ್ತೆ."

"ಬಿದ್ರೆ ನಂಗೆ ಹೇಳ್ಬೇಡ" ಎಂದವರು, ಮರುದಿನ ಸಂಜೆ ಸ್ಟೇಷನ್ನಿನ ಹತ್ತಿರದ ಅಂಗಡಿಯಿಂದ ಒಂದು ಜೊತೆ ಶೂ ತಂದು ಬಾಗಿಲ ಬಳಿ ಇಟ್ಟರು. ಗಂಡಸರ ಶೂ. ಬಣ್ಣ ಕಡು ಹಸಿರು. ಒಂದು ನಂಬರು ದೊಡ್ಡದು. "ಹೆಂಗಸ್ರದ್ದ್ ಗುಲಾಬಿ ಬಣ್ಣದ್ದ್ ಮಾತ್ರ ಇದ್ದಿತ್. ನೀ ಅದ್ ಹಾಕ್ತಿಲ್ಲೆ ಅಂದ್ಕಂಡೆ" ಎಂದರು. ಎರಡು ಜೊತೆ ಕಾಲುಚೀಲ ಹಾಕಿಕೊಂಡರೆ ಸರಿಯಾಗುತ್ತಿತ್ತು.

ಮೊದಲ ವಾರ ಹೇಳಿಕೊಳ್ಳುವಂತಿರಲಿಲ್ಲ. ಒಂದು ಲೈಟುಕಂಬದಿಂದ ಇನ್ನೊಂದಕ್ಕೆ ಓಡುವುದು, ಸೊಂಟಕ್ಕೆ ಕೈಕೊಟ್ಟು ನಿಲ್ಲುವುದು. ಜ್ಯೋತ್ಸ್ನಾಬೇನ್ ಸೀರೆಯನ್ನು ಎತ್ತಿ ಕಟ್ಟಿ, ಬಿಳಿ ಶೂ ಹಾಕಿ, ನನ್ನ ಪಕ್ಕದಲ್ಲಿ ಒಂದೇ ಸಮನೆ ಮಾತಾಡುತ್ತ ಓಡುತ್ತಿದ್ದರು. ಮಾತಾಡಲು ಉಸಿರು ಉಳಿದಿದ್ದರೆ ಮಾತ್ರ ಸರಿಯಾದ ವೇಗ ಎಂಬುದು ಅವರ ಲೆಕ್ಕ. ಅವರು ತಮ್ಮ ಸೊಸೆಯ ಅಡುಗೆ, ಅಂಚೆ ಕಚೇರಿಯ ಹಳೆಯ ಸಾಹೇಬರು, ಹಲ್ಲು ಕೀಳಿಸಿದ ಕತೆ ಎಲ್ಲ ಹೇಳಿದರು. ನಾನು "ಹಾ", "ಹೂಂ" ಅನ್ನುತ್ತಿದ್ದೆ. ಮೂರನೇ ವಾರದಲ್ಲಿ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಕಾಲಿಗೆ ಹಳೆಯದೆಲ್ಲ ನೆನಪಾಯಿತು. ಹಿಮ್ಮಡಿ ನೆಲ ಬಿಡುವ ಲಯ ಸಿಕ್ಕಿತು. ತಾಪಿಯ ಮೇಲೆ ಮಂಜು ಹಾಸಿತ್ತು. ಮಳೆಗಾಲ ಮುಗಿದ ಮೇಲಿನ ಮೊದಲ ತಣ್ಣನೆ ಗಾಳಿ ಕಿವಿಯ ಹತ್ತಿರ ಶಬ್ದ ಮಾಡುತ್ತಿತ್ತು. ತಿರುಗಿ ನೋಡಿದರೆ ಜ್ಯೋತ್ಸ್ನಾಬೇನ್ ಬಹಳ ಹಿಂದೆ ಬಿದ್ದು, ಎರಡೂ ಕೈ ಮೇಲೆತ್ತಿ ಬೀಸುತ್ತಿದ್ದರು. "ಹೋಗಿ ಬೇನ್, ಹೋಗಿ!" ಎಂದು ಕೂಗುತ್ತಿದ್ದರು.

ಅವರ ತಲೆಯಲ್ಲಿ ಆಗಲೇ ದೊಡ್ಡ ಯೋಜನೆಯೊಂದಿತ್ತು. ನದಿ ದಂಡೆಯಲ್ಲಿ ಓಡುವುದು ಇದ್ದೇ ಇದೆ. ರಾಂದೇರಿನ ಹಳೆ ಗಲ್ಲಿಗಳ ಒಳಗಿಂದ ಒಂದು ಓಟ ನಡೆಯಬೇಕು, ಸೇತುವೆ ದಾಟಿ ಆಚೆ ದಡದ ಹಳೆ ಕೋಟೆಯ ಮುಂದೆ ಮುಗಿಯಬೇಕು. ಒಟ್ಟು ಹತ್ತು ಕಿಲೋಮೀಟರು. ಯಾವ ಕಂಪನಿಯ ಬ್ಯಾನರೂ ಬೇಡ, ನಾವು ನಾವೇ ಸೇರಿ ಮಾಡುವ ಓಟ. ಸಂಕ್ರಾಂತಿಗೆ ಇಲ್ಲಿಯವರು ಗಾಳಿಪಟ ಹಾರಿಸುವ ಉತ್ತರಾಯಣಕ್ಕೆ ಮೊದಲೇ ಆಗಬೇಕು, ಆಮೇಲಾದರೆ ಗಲ್ಲಿಯ ತುಂಬ ಗಾಳಿಪಟದ ದಾರ ಕುತ್ತಿಗೆಗೆ ಸಿಗುತ್ತದೆ. ಪೊಲೀಸು, ನಗರಪಾಲಿಕೆಯ ಅನುಮತಿಯನ್ನು ಅವರು ಅಂಚೆ ಕಚೇರಿಯ ಹಠದಿಂದ ತಂದರು. ಆದರೆ ಗಲ್ಲಿಯವರ ಒಪ್ಪಿಗೆಯೇ ದೊಡ್ಡದು ಎಂದು, ನವೆಂಬರಿನ ಮಧ್ಯಾಹ್ನಗಳಲ್ಲಿ ನನ್ನನ್ನು ಕರೆದುಕೊಂಡು ರಾಂದೇರಿನ ಮನೆಮನೆ ಹತ್ತಿದರು.

ಹಾಗೆ ಪರಿಚಯವಾದವರು ಝುಬೇದಾಬೇನ್. ಗಲ್ಲಿ ಎರಡಾಗಿ ಕವಲೊಡೆಯುವ ಮೂಲೆಯಲ್ಲೇ ಅವರ ಮನೆ. ಎಪ್ಪತ್ತು ದಾಟಿದ್ದಾರೆ; ಎತ್ತರದ ಜಗಲಿಯ ಮೇಲೆ ಕುಳಿತು ಇಡೀ ಗಲ್ಲಿಯಲ್ಲಿ ಹೋಗಿಬರುವವರನ್ನು ನೋಡುವುದು ಅವರ ದಿನಚರಿ. ನಮ್ಮ ಮಾತನ್ನೆಲ್ಲ ಕೇಳಿ, "ಯಾರು ಅಟ್ಟಿಸಿಕೊಂಡು ಬರುತ್ತಾರೆ?" ಎಂದರು.

"ಯಾರೂ ಇಲ್ಲ" ಎಂದರು ಜ್ಯೋತ್ಸ್ನಾಬೇನ್.

"ಮತ್ತೆ ಯಾಕೆ ಓಡುತ್ತೀರಿ?"

ಜ್ಯೋತ್ಸ್ನಾಬೇನ್ ನನ್ನ ಕಡೆ ತಿರುಗಿದರು, ಉತ್ತರ ನೀವೇ ಹೇಳಿ ಎಂಬಂತೆ. ಝುಬೇದಾಬೇನ್ ಬಿದ್ದು ಬಿದ್ದು ನಕ್ಕು, ಒಳಗಿಂದ ಚಹಾ ತರಿಸಿದರು. "ಬನ್ನಿ, ಓಡಿ. ನಾನು ಗಲ್ಲಿಯ ಎಲ್ಲರಿಗೂ ಹೇಳುತ್ತೇನೆ. ಅವತ್ತು ಯಾವ ಗಾಡಿಯೂ ನಿಲ್ಲುವುದಿಲ್ಲ" ಎಂದು ಭರವಸೆ ಕೊಟ್ಟರು.

ಇಷ್ಟೆಲ್ಲದರ ನಡುವೆ ನನ್ನ ಮನೆಯೊಳಗೆ ಬೇರೆಯೇ ಒಂದು ತೊಡಕು ಬೆಳೆಯುತ್ತಿತ್ತು. ನನ್ನ ಮಗಳು ಮಾನಸಿಗೆ ಆಗ ಹದಿನೆಂಟು, ಕಾಲೇಜಿನ ಮೊದಲ ವರ್ಷ. ಅವಳೂ ಓಡುವವಳೇ. ಆದರೆ ಅವಳ ಓಟವೇ ಬೇರೆ: ಮೈದಾನ, ಕೋಚು, ಕೈಗೆ ಕಟ್ಟಿದ ಗಡಿಯಾರ. ಕಾಲೇಜು ತಂಡಕ್ಕೆ ಆಯ್ಕೆಯಾಗಬೇಕೆಂದು ಹಗಲಿರುಳು ಅದೇ ಧ್ಯಾನ. ಈ ಓಟ ನೋಡಲು ತಮ್ಮ ಕೋಚು ಬರುತ್ತಾರೆ, ಮೊದಲ ಮೂರರಲ್ಲಿ ಬಂದರೆ ಆಯ್ಕೆ ಖಂಡಿತ ಎಂದು ಅವಳೂ ಗೆಳತಿಯರೂ ಹೆಸರು ಕೊಟ್ಟಿದ್ದರು. ಅವಳು ಸೂರತ್ತಿನಲ್ಲೇ ಹುಟ್ಟಿ ಬೆಳೆದವಳು. ಗೆಳತಿಯರ ಜತೆ ಗುಜರಾತಿ, ನಮ್ಮ ಜತೆ ಹಿಂದಿ. ನಾವು ಕನ್ನಡದಲ್ಲಿ ಹೇಳಿದ್ದು ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಹಿಂದಿಯಲ್ಲಿ. ಚಿಕ್ಕವಳಿದ್ದಾಗ ಬಸ್ರೂರಿನಲ್ಲಿ ಅವಳ ಕನ್ನಡ ಕೇಳಿ ಯಾರೋ ನಕ್ಕಿದ್ದರು. ಆಮೇಲೆ ಅವಳು ಬಾಯಿ ಬಿಡಲಿಲ್ಲ.

ನಾನೂ ಹತ್ತು ಕಿಲೋಮೀಟರಿಗೆ ಹೆಸರು ಕೊಟ್ಟಿದ್ದೇನೆ ಎಂದು ತಿಳಿದ ದಿನ ಅವಳು ಊಟದ ತಟ್ಟೆ ಬಿಟ್ಟು ಎದ್ದಳು. "ಮಮ್ಮಿ, ಪ್ಲೀಸ್. ಪಾಂಚ್ ಕಿಲೋಮೀಟರ್ ವಾಲಾ ಕರ್ ಲೋ ನಾ." ಹೊಸಬರಿಗೆಂದು ಇಟ್ಟಿದ್ದ ಐದು ಕಿಲೋಮೀಟರಿನ ಓಟ ಬೇರೆ ದಾರಿಯಲ್ಲಿತ್ತು, ಅದನ್ನೇ ಓಡು ಎನ್ನುತ್ತಿದ್ದಳು. ಅಂದರೆ ತನ್ನ ಗೆಳತಿಯರ, ಕೋಚಿನ ಕಣ್ಣಿಗೆ ಬೀಳಬೇಡ ಎಂದು ಅರ್ಥ.

"ಎಂತಕೆ? ನಾ ಓಡಿರೆ ನಿಂಗೆಂತ ಆತ್ತ್?"

ಅವಳು ಬಾಗಿಲ ಬಳಿಯ ಹಸಿರು ಶೂಗಳನ್ನು ನೋಡಿದಳು. ಆ ನೋಟ ಚುಚ್ಚಿತು. ಎರಡು ದಿನ ನಾವು ಮಾತಾಡಲಿಲ್ಲ. ಮೂರನೇ ದಿನ ನಮ್ಮವರು ದೋಸೆ ಹಿಟ್ಟು ಕಲಸುತ್ತ, "ಇಬ್ರೂ ಒಂದೇ ಬದಿಗೆ ಓಡುದಲ್ದಾ? ಮುಖ ಕಾಂಬುಕೇ ಇಲ್ಲೆ. ಅವ್ಳ್ ಮುಂದೆ, ನೀ ಹಿಂದೆ. ಜಗಳ ಎಂತಕೆ?" ಎಂದರು. ಅದು ನಿಜವೇ ಆಗಿತ್ತು. ನಾನು ಹೆಸರು ಬದಲಿಸಲಿಲ್ಲ.

ಓಟದ ದಿನ ಭಾನುವಾರ. ಹೋಟೆಲಿಗೆ ವಾರದಲ್ಲೇ ಅತಿ ಹೆಚ್ಚು ಗಿರಾಕಿಗಳು ಬರುವ ಬೆಳಿಗ್ಗೆ. ಸಾಲದ್ದಕ್ಕೆ ಓಟ ಮುಗಿಸಿದವರಿಗೆಲ್ಲ ಇಡ್ಲಿ ಉಪ್ಪಿಟ್ಟು ನಾವೇ ಕೊಡುವುದೆಂದು ಜ್ಯೋತ್ಸ್ನಾಬೇನ್ ಮಾತಾಡಿದ್ದರು. ನಮ್ಮವರು ಕೋಟೆಯ ಹತ್ತಿರ ಪಾತ್ರೆಗಳ ಜತೆ ಇರಬೇಕಾಗಿತ್ತು. ನಾನು ನಸುಕಿನಲ್ಲೇ ಚಟ್ನಿ ಮುಗಿಸಿ, ಚೂಡಿದಾರದ ಮೇಲೆ ಓಟದ ನಂಬರು ಚುಚ್ಚಿಕೊಂಡು ಅಡಾಜಣ್‌ನ ಮೈದಾನಕ್ಕೆ ಹೋದೆ. ನಾಲ್ಕೈದು ನೂರು ಜನ ಸೇರಿದ್ದರು. ವಜ್ರ ಸಾಣೆ ಹಿಡಿಯುವ ಗಂಡಸರು, ಬಟ್ಟೆ ಅಂಗಡಿಯವರು, ಡಾಕ್ಟರು, ರಾಂದೇರಿನ ಹುಡುಗರ ಒಂದು ದಂಡು. ಮಾನಸಿ ಕೆಂಪು ಅಂಗಿ ಹಾಕಿ ಗೆಳತಿಯರ ಜತೆ ಮುಂದಿನ ಸಾಲಿನಲ್ಲಿ ಕಾಲು ಜಾಡಿಸುತ್ತಿದ್ದಳು. ನನ್ನನ್ನು ನೋಡಿ ತಲೆಯನ್ನು ಒಂದಿಷ್ಟು ಆಡಿಸಿದಳು. ನಾನೂ ಆಡಿಸಿದೆ.

ಗಂಡಸರನ್ನು ಮೊದಲು ಬಿಟ್ಟರು. ಹತ್ತು ನಿಮಿಷದ ಮೇಲೆ ನಮ್ಮನ್ನು. ಆಗಷ್ಟೇ ಬೆಳಕು ಹರಿಯುತ್ತಿತ್ತು.

ಮೊದಲ ಎರಡು ಕಿಲೋಮೀಟರು ಜನರ ಮೊಣಕೈಯಲ್ಲೇ ಕಳೆಯಿತು. ಆಮೇಲೆ ಸಾಲು ತೆಳುವಾಯಿತು. ದಾರಿಬದಿಯಲ್ಲಿ ಉತ್ತರಾಯಣದ ದಾರಕ್ಕೆ ಗಾಜಿನ ಪುಡಿ ಬೆರೆಸಿದ ಗುಲಾಬಿ ಬಣ್ಣದ ಮಾಂಜಾ ಉಜ್ಜುವವರು ಹಿಂದಿನ ದಿನ ಚೆಲ್ಲಿದ ಬಣ್ಣ ರಸ್ತೆಯ ತುಂಬ ಇತ್ತು. ಎಲ್ಲರ ಶೂ ಗುಲಾಬಿಯಾಯಿತು, ನನ್ನ ಹಸಿರು ಶೂ ಕೂಡ. ರಾಂದೇರಿನ ಒಳಗೆ ಹೊಕ್ಕಾಗ ನನ್ನ ಉಸಿರು ಹದಕ್ಕೆ ಬಂದಿತ್ತು. ಝುಬೇದಾಬೇನ್ ಕೊಟ್ಟ ಮಾತು ಉಳಿಸಿಕೊಂಡಿದ್ದರು. ಗಲ್ಲಿಯಲ್ಲಿ ಒಂದು ಸ್ಕೂಟರೂ ಇರಲಿಲ್ಲ. ಬಾಲ್ಕನಿಗಳಿಂದ ಹೆಂಗಸರು, ಮಕ್ಕಳು ಬಗ್ಗಿ ತಟ್ಟೆ ಬಡಿಯುತ್ತಿದ್ದರು. ಯಾರೋ ಮೇಲಿನಿಂದ ಗುಲಾಬಿ ಪಕಳೆ ಎರಚಿದರು. ಒಬ್ಬ ಮುದುಕ ನೀರಿನ ಲೋಟ ಹಿಡಿದು ನನ್ನ ಜತೆಗೇ ನಾಲ್ಕು ಹೆಜ್ಜೆ ಓಡಿ ಬಂದ. ನಾನು ಒಬ್ಬೊಬ್ಬರನ್ನೇ ಹಿಂದೆ ಹಾಕುತ್ತಿದ್ದೆ. ಇಪ್ಪತ್ತು ವರ್ಷದ ಹುಡುಗಿಯರನ್ನು! ಮುಂದೆ ಎಂಟು ಜನರ ಗುಂಪೊಂದು ಮಾತ್ರ ಉಳಿದಿತ್ತು, ಕೆಂಪು ಅಂಗಿ ಅದರ ತಲೆಯಲ್ಲಿತ್ತು. ನನಗೂ ಅವರಿಗೂ ಎಂಬತ್ತು ಮೀಟರು ಇದ್ದಿರಬಹುದು.

ಅವರು ಕವಲಿನ ಮೂಲೆಯಲ್ಲಿ ಮರೆಯಾದರು. ನಾನು ಆ ಮೂಲೆಗೆ ಬಂದು ನೋಡಿದರೆ ಬಲಗಡೆಯ ಗಲ್ಲಿ ಖಾಲಿ. ಎಂಟೂ ಜನ ಎಡಗಡೆಯ ಗಲ್ಲಿಯಲ್ಲಿ ಓಡುತ್ತಿದ್ದಾರೆ.

ಎಡಗಡೆಯದು ಸೀದಾ ಹೊಳೆಯ ಮೆಟ್ಟಿಲಿಗೆ ಇಳಿದು ಮುಗಿಯುವ ಗಲ್ಲಿ. ಬಲಕ್ಕೆ ತಿರುಗುವ ಓಟದ ದಾರಿಯನ್ನು ನಾನು ಜ್ಯೋತ್ಸ್ನಾಬೇನ್ ಜತೆ ಹತ್ತು ಸಲವಾದರೂ ಓಡಿದ್ದೆ, ಕಣ್ಣು ಮುಚ್ಚಿದರೂ ತಪ್ಪುತ್ತಿರಲಿಲ್ಲ. ಆಮೇಲೆ ತಿಳಿಯಿತು: ಓಟಗಾರರು ಬರುತ್ತಾರೆ, ಅಂಗಳ ಚೆನ್ನಾಗಿ ಕಾಣಲಿ ಎಂದು ಝುಬೇದಾಬೇನ್ ಬೆಳಿಗ್ಗೆ ಎದ್ದು ನಾಲ್ಕು ಬಕೆಟ್ಟು ನೀರು ಹಾಕಿ ಜಗಲಿಯನ್ನೂ ಅದರ ಮುಂದಿನ ನೆಲವನ್ನೂ ತಿಕ್ಕಿ ತೊಳೆದಿದ್ದರು. ಹಿಂದಿನ ಸಂಜೆ ನಾವು ಸುಣ್ಣದಲ್ಲಿ ಬರೆದ ಬಾಣದ ಗುರುತು ಆ ನೀರಿನ ಜತೆ ಚರಂಡಿ ಸೇರಿತ್ತು. ಅಲ್ಲಿ ನಿಲ್ಲಬೇಕಿದ್ದ ಸ್ವಯಂಸೇವಕ, ಗಂಡಸರು ದಾಟಿದ ಮೇಲೆ ಕೆಲಸ ಮುಗಿಯಿತೆಂದು ಬೇಕರಿಯ ಕಡೆ ಹೋಗಿದ್ದ.

ಝುಬೇದಾಬೇನ್ ಜಗಲಿಯ ಮೇಲೆ ನಿಂತು ಎರಡೂ ಕೈ ಆಡಿಸುತ್ತ, "ಆ ಕಡೆ ಹೋದರು! ಎಷ್ಟು ಕೂಗಿದರೂ ಕೇಳಲಿಲ್ಲ! ಕಿವಿಗೆ ಏನೋ ಹಾಕಿಕೊಂಡಿದ್ದಾರೆ!" ಎನ್ನುತ್ತಿದ್ದರು.

ನಾನು ಆಗ ದೊಡ್ಡ ಧರ್ಮ ಮಾಡಿದೆ ಎಂದು ಹೇಳಿಕೊಳ್ಳಲಾರೆ. ನನ್ನ ಕಾಲು ಬಲಕ್ಕೆ ತಿರುಗಿತ್ತು. ಹತ್ತು ಹೆಜ್ಜೆ ಓಡಿಯೂಬಿಟ್ಟಿದ್ದೆ. ಎದುರಿಗೆ ಖಾಲಿ ಗಲ್ಲಿ, ಹಳೆ ಮನೆಗಳ ನಡುವೆ ಒಂದು ಪಟ್ಟಿ ಬಿಸಿಲು, ಹೆಂಗಸರ ಓಟದಲ್ಲಿ ನನ್ನ ಮುಂದೆ ಯಾರೂ ಇಲ್ಲ. ಆ ಹತ್ತು ಹೆಜ್ಜೆಯ ಸುಖವನ್ನು ನಾನು ಯಾಕೆ ಮುಚ್ಚಿಡಲಿ? ಎದೆ ಹಾರಿಹೋಗುವಷ್ಟು ಸುಖ. ಹನ್ನೊಂದನೆಯ ಹೆಜ್ಜೆಗೆ ಕೆಂಪು ಅಂಗಿ ಕಣ್ಣಿಗೆ ಬಂತು. ಹುಡುಗಿ ಎಷ್ಟು ಬೆಳಿಗ್ಗೆಗಳಲ್ಲಿ ಎದ್ದಿದ್ದಾಳೆ, ಹೊಳೆ ಮೆಟ್ಟಿಲಿಗೆ ಹೋಗಿ ನಿಲ್ಲುತ್ತಾಳಲ್ಲ ಎನಿಸಿತು.

ತಿರುಗಿ ಕವಲಿಗೆ ಓಡಿದೆ. ಇಷ್ಟು ವರ್ಷ ಈ ಊರಲ್ಲಿದ್ದು ಗುಜರಾತಿ ನನಗೆ ನೀರು ಕುಡಿದಂತೆ. ಆ ಗಳಿಗೆಯಲ್ಲಿ ಒಂದು ಶಬ್ದವೂ ಬರಲಿಲ್ಲ. ನಮ್ಮ ಕುಂದಾಪುರದ ಕಡೆ ಹೆಂಗಸರು ಗಂಡನನ್ನು ಹೆಸರು ಹಿಡಿದು ಕರೆಯುವುದಿಲ್ಲ, "ಹ್ವಾಯ್" ಎನ್ನುತ್ತಾರೆ. ಹೋಟೆಲಿನ ಗದ್ದಲದಲ್ಲಿ ದಿನಕ್ಕೆ ನೂರು ಸಲ ಅಡುಗೆಮನೆಯಿಂದ ಕ್ಯಾಶ್ ಕೌಂಟರಿಗೆ ಹಾಗೆ ಕೂಗಿ ನನ್ನ ಗಂಟಲು ಪಳಗಿತ್ತು.

"ಹ್ವಾಯ್!" ಎಂದು ಕಿರುಚಿದೆ. "ಹ್ವಾಯ್! ಹಾದಿ ತಪ್ತ್! ಇತ್ಲಾಗೆ! ಇತ್ಲಾಗೆ ಬನ್ನಿ!"

ಏಳು ಬೆನ್ನುಗಳು ಅಲುಗಲಿಲ್ಲ. ಕೆಂಪು ಅಂಗಿ ಮಾತ್ರ ಗಕ್ಕನೆ ನಿಂತು ತಿರುಗಿತು. ಕಿವಿಯಿಂದ ಏನೋ ಕಿತ್ತು ನನ್ನನ್ನೇ ನೋಡಿತು. ನಾನು ಎರಡೂ ಕೈಯಲ್ಲಿ ಬಲಗಡೆ ತೋರಿಸಿದೆ. ಮಾನಸಿ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಅವಳಿಗೆ ಶಿಳ್ಳೆ ಬರುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ. ಗುಜರಾತಿಯಲ್ಲಿ ಏನೋ ಕೂಗಿದಳು. ಎಲ್ಲರೂ ನಿಂತರು, ತಿರುಗಿದರು.

ನಾನು ಮತ್ತೆ ಬಲಕ್ಕೆ ಹೊರಟೆ. ಹಿಂದಿನಿಂದ ಝುಬೇದಾಬೇನ್, "ಈಗ ನಿಜವಾಗಿಯೂ ಅಟ್ಟಿಸಿಕೊಂಡು ಬರುತ್ತಿದ್ದಾರೆ, ಓಡು ಬೇನ್!" ಎಂದು ಕೂಗಿದರು.

ನಗುತ್ತ ಓಡುವುದು ಕಷ್ಟ. ಆದರೂ ಸುಮಾರು ಎರಡು ಕಿಲೋಮೀಟರು ನಾನೇ ಮುಂದೆ. ರಾಂದೇರಿನಿಂದ ಹೊರಬಿದ್ದು, ಹೊಳೆ ದಂಡೆಯ ರಸ್ತೆ ಹಿಡಿದು, ಸೇತುವೆಯ ಏರಿನವರೆಗೂ. ರಸ್ತೆಬದಿಯ ಜನ ನನ್ನ ಚೂಡಿದಾರ ನೋಡಿ ಮೊದಲು ಬೆರಗಾಗಿ ಆಮೇಲೆ ಚಪ್ಪಾಳೆ ತಟ್ಟುತ್ತಿದ್ದರು. ಸೇತುವೆಯ ಬುಡದಲ್ಲಿ ಒಬ್ಬೊಬ್ಬರಾಗಿ ನನ್ನನ್ನು ದಾಟಿದರು. ಮೊದಲು ದಾಟಿದವಳು ಉದ್ದ ಜಡೆಯ ಹುಡುಗಿ, ಓಡುತ್ತಲೇ ನನ್ನ ಭುಜ ತಟ್ಟಿ "ಥ್ಯಾಂಕ್ಯೂ ಆಂಟಿ" ಎಂದಳು. ಎರಡು, ಮೂರು, ನಾಲ್ಕು. ಕೆಂಪು ಅಂಗಿ ಕಾಣಲಿಲ್ಲ. ತಪ್ಪು ಗಲ್ಲಿಯಲ್ಲಿ ಎಲ್ಲರಿಗಿಂತ ಮುಂದೆ ಹೋಗಿದ್ದವಳು ಅವಳೇ, ತಿರುಗಿದಾಗ ಎಲ್ಲರಿಗಿಂತ ಹಿಂದೆ ಬಿದ್ದಿದ್ದಳು.

ಸೇತುವೆಯ ನಡುವೆ ಪಕ್ಕದಲ್ಲಿ ಉಸಿರಾಟ ಕೇಳಿಸಿತು. ತಿರುಗದೆಯೇ ಗೊತ್ತಾಯಿತು. ಅವಳು ನನ್ನ ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡತೊಡಗಿದಳು. ಕೆಳಗೆ ತಾಪಿ, ಎದುರಿಗೆ ಆಚೆ ದಡದಲ್ಲಿ ಕೋಟೆಯ ಗೋಡೆ. ಇಬ್ಬರೂ ಸುಮಾರು ಐವತ್ತು ಮೀಟರು ಹಾಗೇ ಓಡಿದೆವು. ನಾನು ನೋಡಿದೆ, ಅವಳು ನನಗಾಗಿ ವೇಗ ಇಳಿಸಿದ್ದಳು.

"ನಂಗ್ ಕಾಯ್ಬೇಡ" ಎಂದೆ, ಉಸಿರು ಸಿಕ್ಕಷ್ಟರಲ್ಲಿ. "ಏಳ್ ಜನ ಮುಂದೆ ಇದ್ರ್. ಹೋಗ್ ನೀ. ಹೋಗ್!"

"ಹೋತೆ ಅಮ್ಮಾ" ಎಂದಳು.

ಅವಳ ಬಾಯಿಂದ "ಅಮ್ಮಾ" ಕೇಳಿ ಎಷ್ಟು ವರ್ಷವಾಗಿತ್ತೋ. "ಹೋತೆ" ಎಂದು ಬಸ್ರೂರಿನ ನಮ್ಮ ಮನೆಯ ಹೆಂಗಸರು ಹೇಳುವ ಹಾಗೆಯೇ ಹೇಳಿದಳು. ಹೇಳಿ ಹೋದಳು. ಅದು ಓಟವೋ ಏನೋ, ಬಿಲ್ಲಿನಿಂದ ಬಿಟ್ಟಂತೆ ಹೋದಳು. ಸೇತುವೆಯ ಇಳಿಜಾರಿನಲ್ಲಿ ಕೆಂಪು ಅಂಗಿ ಒಬ್ಬಳನ್ನು ದಾಟಿತು. ಮತ್ತೊಬ್ಬಳನ್ನು. ಮತ್ತೆ ಇಬ್ಬರನ್ನು ಒಟ್ಟಿಗೆ. ಆಮೇಲೆ ತಿರುವಿನಲ್ಲಿ ಕಣ್ಮರೆಯಾಯಿತು. ಎಷ್ಟು ಜನರನ್ನು ದಾಟಿದಳು, ಎಷ್ಟು ಜನ ಉಳಿದರು ಎಂದು ಲೆಕ್ಕ ಹಾಕುತ್ತ ಹಾಕುತ್ತ ನನ್ನ ಕೊನೆಯ ಕಿಲೋಮೀಟರು ಕಳೆದದ್ದೇ ತಿಳಿಯಲಿಲ್ಲ.

ಕೋಟೆಯ ಮುಂದಿನ ಗೆರೆ ದಾಟಿದಾಗ ಮೊದಲು ಕಂಡದ್ದು ನಮ್ಮವರು. ಕೈಯಲ್ಲಿ ಉಪ್ಪಿಟ್ಟಿನ ಸೌಟು. ಸೌಟು ಎತ್ತಿ ಹಿಡಿದೇ ಜನರ ನಡುವೆ ನುಗ್ಗಿ ಬಂದರು.

"ಅವ್ಳ್ ಎಷ್ಟನೇದ್?" ಎಂದೆ.

"ಮೂರು! ಮೂರನೇದ್ ಮಾರಾಯ್ತಿ! ಕಡಿಗೆ ಒಂದ್ ಗೇಣ್ ಅಂತರದಲ್ಲಿ!" ಎಂದು ಕೂಗಿದರು. ಅವರ ಕಣ್ಣು ತುಂಬಿತ್ತು. "ನೀ ಒಂಬತ್ತನೇದ್. ನಂಗೆ ಯಾರೂ ಹೇಳ್ಲೇ ಇಲ್ಲಲ್ದಾ, ನೀ ಹೀಂಗ್ ಓಡುವವ್ಳ್ ಅಂತ!" ಸೌಟಿನಿಂದ ಉಪ್ಪಿಟ್ಟು ನನ್ನ ಹೆಗಲ ಮೇಲೆ ಬಿತ್ತು.

ಅಷ್ಟರಲ್ಲಿ ಜ್ಯೋತ್ಸ್ನಾಬೇನ್, ತಾವು ಓಡದೆ ಗಡಿಯಾರ ಹಿಡಿದು ನಿಂತಿದ್ದವರು, ಎಲ್ಲರಿಗೂ ಕೇಳುವಂತೆ ಮೈಕಿನಲ್ಲಿ ಗಲ್ಲಿಯ ಕತೆ ಹೇಳಿಬಿಟ್ಟರು. ಅಷ್ಟಕ್ಕೇ ಬಿಡಲಿಲ್ಲ, ನಾನು ಹೈಸ್ಕೂಲಿನಲ್ಲಿ ಜಿಲ್ಲೆಗೆ ಮೊದಲು ಬಂದಿದ್ದನ್ನೂ ಹೇಳಿದರು. ಮಾನಸಿ ಕೋಚಿನ ಪಕ್ಕದಲ್ಲಿ ನಿಂತು ಕೇಳುತ್ತಿದ್ದಳು. ನನ್ನ ಕಡೆ ತಿರುಗಿದ ಅವಳ ಮುಖ ನೋಡಿ ನನಗೆ ನಾಚಿಕೆಯಾಯಿತು, ಏನೋ ಕದ್ದು ಸಿಕ್ಕಿಬಿದ್ದವಳ ಹಾಗೆ.

ನಲವತ್ತು ದಾಟಿದ ಹೆಂಗಸರಲ್ಲಿ ನಾನೇ ಮೊದಲು ಎಂದು ಕರೆದು ಬಹುಮಾನ ಕೊಟ್ಟರು. ಬಣ್ಣದ ಕಾಗದ ಬಿಚ್ಚಿದರೆ ನಾಲ್ಕು ತಟ್ಟೆಯ ಇಡ್ಲಿ ಕುಕ್ಕರ್. ಬೆಳಿಗ್ಗೆಯಿಂದ ಎಂಟುನೂರು ಇಡ್ಲಿ ಬೇಯಿಸಿ ತಂದಿದ್ದ ನಮ್ಮವರು ಅದನ್ನು ತಿರುಗಿಸಿ ತಿರುಗಿಸಿ ನೋಡಿ, "ಇನ್ನ್ ಹೋಟೆಲ್ ದೊಡ್ಡದ್ ಮಾಡ್ಲಕ್ಕ್" ಎಂದರು. ಗುಜರಾತ್ ನೆಲದಲ್ಲಿ ನಿಂತು ಅವರು ಕನ್ನಡದಲ್ಲಿ ಆಡಿದ ತಮಾಷೆಗೆ ಜತೆಗೆ ನಕ್ಕವಳು ಮಾನಸಿ. ಉಳಿದವರು ಕುಕ್ಕರ್ ನೋಡಿಯೇ ನಗುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಝುಬೇದಾಬೇನ್ ಸೊಸೆಯರ ಜತೆ ರಿಕ್ಷಾ ಮಾಡಿಕೊಂಡು ಹೋಟೆಲಿಗೇ ಬಂದರು. ತೊಳೆದದ್ದು ತಪ್ಪಾಯಿತು ಎಂದು ಹೇಳಲು ಬಂದವರು. ಒಂದು ಡಬ್ಬಿ ನಾನ್‌ಖಟಾಯ್ ತಂದಿದ್ದರು. ಜ್ಯೋತ್ಸ್ನಾಬೇನ್ ಅವರನ್ನು ಕೂರಿಸಿ ಮಸಾಲೆ ದೋಸೆ ತಿನ್ನಿಸಿದರು. ಅರ್ಧ ಗಂಟೆಯೊಳಗೆ ಆ ಇಬ್ಬರು ಹೆಂಗಸರೂ ಮುಂದಿನ ವರ್ಷ ಬಾಣವನ್ನು ಸುಣ್ಣದ ಬದಲು ಬಣ್ಣದಲ್ಲಿ ಬರೆಯಬೇಕೆಂದೂ, ಕವಲಿನ ಮೂಲೆಯಲ್ಲಿ ಸ್ವಯಂಸೇವಕನ ಬದಲು ಝುಬೇದಾಬೇನ್ ಅವರೇ ಸೀಟಿ ಹಿಡಿದು ಕೂರಬೇಕೆಂದೂ ಗೊತ್ತುಮಾಡಿಬಿಟ್ಟರು. ಇಬ್ಬರು ಸೊಸೆಯರು ಮೆಲ್ಲಗೆ ನನ್ನ ಹತ್ತಿರ ಬಂದು, ಬೆಳಿಗ್ಗೆ ತಾವೂ ಬರಬಹುದೇ ಎಂದು ಕೇಳಿದರು.

ಸಂಜೆ ನಾನೂ ಮಾನಸಿಯೂ ಮನೆಯಲ್ಲಿ ಒಂದೇ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿ ಉಪ್ಪುನೀರಿಗೆ ಕಾಲು ಇಳಿಬಿಟ್ಟು ಕುಳಿತಿದ್ದೆವು. ನಾಲ್ಕು ಪಾದಗಳಿಗೆ ಜಾಗ ಸಾಲದೆ ಒಬ್ಬರ ಕಾಲ ಮೇಲೆ ಒಬ್ಬರು ಕಾಲಿಡಬೇಕಾಗಿತ್ತು. ಅವಳ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ನನ್ನ ಹಿಮ್ಮಡಿ ಸುಲಿದಿತ್ತು. ನಮ್ಮವರು ಅಡುಗೆಮನೆಯಲ್ಲಿ ಇನ್ನೊಂದು ಪಾತ್ರೆ ನೀರು ಕಾಯಿಸುತ್ತಿದ್ದರು. ಆಮೇಲೆ ಅವಳು, ಒಂದೊಂದೇ ಶಬ್ದ ಹುಡುಕಿ ಹುಡುಕಿ, ತಪ್ಪಾದರೂ ನಿಲ್ಲದೆ ಕೇಳಿದಳು:

"ಅಮ್ಮ, ನಾಡ್ದ್ ಬೆಳಿಗ್ಗೆ... ನೀ ಎಷ್ಟ್ ಗಂಟಿಗೆ ಹೋಪುದ್?"

"ಐದೂವರೆಗೆ" ಎಂದೆ. "ಎಂತಕೆ?"

"ನಾನೂ ಬತ್ತೆ."

ಅಡುಗೆಮನೆಯಿಂದ ನಮ್ಮವರ ಧ್ವನಿ ಬಂತು: "ಇಬ್ರನ್ನೂ ಏಳ್ಸುಕೆ ನಂಗಾತಿಲ್ಲೆ. ಅಲಾರಮ್ ಇಟ್ಕಣಿ."